ಸೇತುವೆ ಹಗುರಾದಷ್ಟೂ ನೆರವು ಹತ್ತಿರ

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಕುಸಿಯಿತಲ್ಲ, ಆ ದಿನಗಳಲ್ಲಿ ನಾನು ಹೆಚ್ಚು ಹೊತ್ತು ಸ್ಟುಡಿಯೋದಲ್ಲೇ ಇದ್ದೆ. ಚೂರಲ್‌ಮಲದ ಸೇತುವೆ ಕೊಚ್ಚಿಹೋಗಿತ್ತು. ಆಚೆ ಮುಂಡಕ್ಕೈಯಲ್ಲಿ ಜನ ಮಣ್ಣಿನಡಿ. ದೊಡ್ಡ ಯಂತ್ರಗಳನ್ನು ದಾಟಿಸೋದೇ ಕಷ್ಟ. ನಮ್ಮ ಬೆಂಗಳೂರಿನಲ್ಲಿ ಕೇಂದ್ರ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಹಗಲು ರಾತ್ರಿ ದುಡಿದು, ಆಗಸ್ಟ್ 1ರ ಸಂಜೆಗೆ 190 ಅಡಿ ಉದ್ದದ, 24 ಟನ್ ತಡೆಯುವ ಬೈಲಿ ಸೇತುವೆ ನಿಲ್ಲಿಸಿದರು. ನಾನೂ ಪರದೆಯ ಮೇಲಿಂದ ಸೆಲ್ಯೂಟ್ ಹೊಡೆದೆ. ಆದ್ರೆ ನನ್ನೊಳಗಿನ ಎಂಜಿನಿಯರ್ ಸುಮ್ಮನಿರಲಿಲ್ಲ: ಸೇತುವೆಯ ತೂಕವೇ ಕಡಿಮೆ ಆದರೆ?

ಬೈಲಿ ಸೇತುವೆ ಎರಡನೇ ಮಹಾಯುದ್ಧದ ಕೂಸು. ಬ್ರಿಟನ್ನಿನ ಡೊನಾಲ್ಡ್ ಬೈಲಿ ರೂಪಿಸಿದ್ದು. ಮೂಲ ವಿನ್ಯಾಸದ ಒಂದು ಉಕ್ಕಿನ ಚೌಕಟ್ಟು 10 ಅಡಿ ಉದ್ದ, ಸುಮಾರು 260 ಕಿಲೋ. ಆರು ಜನ ಹೊರಬಹುದು. ಪಿನ್ ಹಾಕಿ ಒಂದಕ್ಕೊಂದು ಜೋಡಿಸಿದರಾಯ್ತು. ಆದರೆ ಅಷ್ಟೂ ಉಕ್ಕು ಬರೋಕೆ ಲಾರಿ ಬೇಕು, ಲಾರಿಗೆ ರಸ್ತೆ ಬೇಕು. ಆ ರಸ್ತೆಯೇ ಕುಸಿದಿದ್ದರೆ?

ಕಾಂಪೋಸಿಟ್ ನೆನಪಾಗೋದು ಇಲ್ಲೇ. ಮಣ್ಣಿಗೆ ಹುಲ್ಲು ಕಲಸಿ ಗೋಡೆ ಕಟ್ತಿದ್ದರಲ್ಲ, ಅದೇ ತತ್ವ. ಗಾಜಿನ ಅಥವಾ ಕಾರ್ಬನ್ನಿನ ಎಳೆಗಳನ್ನು ರೆಸಿನ್ ಎಂಬ ಅಂಟಿನಲ್ಲಿ ಕೂರಿಸಿ ಗಟ್ಟಿ ಮಾಡ್ತಾರೆ. ಮಲ್ಪೆಯ ಫೈಬರ್ ದೋಣಿಯೂ ಇದೇ ಜಾತಿ. ಅಷ್ಟೇ ಗಾತ್ರದ ಉಕ್ಕಿನ ಮುಂದೆ ಗಾಜಿನೆಳೆಯದ್ದು ಸುಮಾರು ಕಾಲು ಭಾಗ ತೂಕ, ಕಾರ್ಬನ್ನಿನದ್ದು ಐದನೇ ಒಂದು. ತುಕ್ಕೂ ಹಿಡಿಯಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ 2002ರಲ್ಲೇ ವೆಸ್ಟ್ ಮಿಲ್ ಎಂಬ 10 ಮೀಟರ್‌ನ ಕಾಯಂ ರಸ್ತೆ ಸೇತುವೆಗೆ ತೊಲೆ, ಹಾಸು ಎರಡನ್ನೂ ಇದರಲ್ಲೇ ಮಾಡಿದರು.

ಹಾಗಾದ್ರೆ ಎಲ್ಲಾ ಕಡೆ ಯಾಕಿಲ್ಲ? ಗಾಜಿನೆಳೆಯ ತೊಲೆ ಮುರಿಯದಿದ್ದರೂ ಉಕ್ಕಿಗಿಂತ ಹೆಚ್ಚು ಬಾಗುತ್ತೆ. ಬಾಗು ತಡೆಯಲು ಎತ್ತರ, ದಪ್ಪ ಹೆಚ್ಚಿಸಿದರೆ ಉಳಿಸಿದ ತೂಕದಲ್ಲಿ ಒಂದಷ್ಟು ವಾಪಸ್. ಕಾರ್ಬನ್ ಬಾಗೋದು ಕಡಿಮೆ, ಬೆಲೆ ಜಾಸ್ತಿ. ಇನ್ನು ಜೋಡಣೆ: ಬೋಲ್ಟಿಗೆ ತೂತು ಕೊರೆದರೆ ಬಲ ಕೊಡುವ ಎಳೆಯೇ ಕತ್ತರಿಸಿಹೋಗುತ್ತೆ. ಎಲ್ಲಕ್ಕಿಂತ ಮುಖ್ಯ, ಉಕ್ಕು ಸಾಮಾನ್ಯವಾಗಿ ಬಗ್ಗಿ ಎಚ್ಚರಿಸುತ್ತೆ. ಇದು ಒಳಗೊಳಗೇ ಪದರ ಬಿಟ್ಟು, ಹೆಚ್ಚು ಸೂಚನೆ ಕೊಡದೆ ಮುರಿಯಬಹುದು.

ಹಾಗಾಗಿ ನನ್ನ ಮಾತು ಇಷ್ಟೇ: ಚೌಕಟ್ಟು ಸದ್ಯಕ್ಕೆ ಉಕ್ಕಿನದ್ದೇ ಇರಲಿ, ಮೇಲಿನ ಹಾಸು ಮೊದಲು ಹಗುರಾಗಲಿ. ವಯನಾಡಿಗೆ ಎರಡು ವಾರ ಮುಂಚೆ ನಮ್ಮ ಶಿರೂರಿನಲ್ಲೂ ಗುಡ್ಡ ಜಾರಿತ್ತು ತಾನೇ? ಪರೀಕ್ಷೆ ಮಳೆಗಾಲಕ್ಕೆ ಮುಂಚೆ ಆಗಬೇಕು, ಸಾಮಾನು ಘಟ್ಟದ ಹತ್ತಿರವೇ ಇರಬೇಕು. ಮಣ್ಣಿನಡಿ ಸಿಕ್ಕವರಿಗೆ ಒಂದು ಗಂಟೆ ಅಂದ್ರೆ ಬರೀ ಗಂಟೆ ಅಲ್ಲ, ಉಸಿರು.