ಜ್ವರ ಬಿಟ್ಟ ಮೇಲೆ ಕುತ್ತಿಗೆ ನೋವೇ?



ವೈರಸ್ ಜ್ವರ, ನೆಗಡಿ ವಾಸಿಯಾಗಿ ಕೆಲವು ವಾರಗಳಾದ ಮೇಲೆ ಕುತ್ತಿಗೆಯ ಮುಂಭಾಗ ಮುಟ್ಟಿದರೆ ನೋವು, ಅದು ಕಿವಿ-ದವಡೆಗೂ ಹರಡುವುದು, ಎದೆ ಡವಡವ, ಕೈನಡುಕ ಇದ್ದರೆ ಬರೀ ಗಂಟಲು ನೋವು ಅಂತ ಸುಮ್ಮನಿರಬಾರದು. ಥೈರಾಯ್ಡ್ ಗ್ರಂಥಿ ಊದಿಕೊಂಡಿರಬಹುದು. 2020ರಿಂದೀಚೆಗೆ ಕೋವಿಡ್ ಬಂದು ಹೋದವರಲ್ಲೂ ಇದು ಕಂಡುಬಂದಿದೆ. ಗಂಡಸರಿಗಿಂತ ನಮ್ಮ ಹೆಂಗಸರಿಗೇ ಹೆಚ್ಚು.

ಊದಿದ ಗ್ರಂಥಿ ಕೂಡಿಟ್ಟ ಹಾರ್ಮೋನು ಮೊದಲು ರಕ್ತಕ್ಕೆ ಸೋರಿ ಹೆಚ್ಚಾಗುತ್ತದೆ. ಉಳಿತಾಯವೆಲ್ಲ ಒಮ್ಮೆಲೇ ಖರ್ಚಾದಂತೆ, ಆಮೇಲೆ ಅದು ಕಡಿಮೆಯಾಗಿ ಸುಸ್ತು, ಚಳಿ, ಮಲಬದ್ಧತೆ ಕಾಣಬಹುದು. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಕೆಲವರು ಕಾಯಂ ಮಾತ್ರೆ ತಗೋಬೇಕಾಗುತ್ತದೆ.

ಆದ್ದರಿಂದ ನಾವು ಹೇಳುವುದಿಷ್ಟೇ: ಒಂದೇ ರಿಪೋರ್ಟು ಸಾಲದು. ಡಾಕ್ಟರು ಹೇಳಿದಾಗ ಟಿ.ಎಸ್.ಎಚ್. ರಕ್ತಪರೀಕ್ಷೆ ಮತ್ತೆ ಮಾಡಿಸಿ. ಪಕ್ಕದ ಮನೆಯವರ ಥೈರಾಯ್ಡ್ ಮಾತ್ರೆ ನುಂಗಬೇಡಿ, ನಿಮ್ಮದನ್ನು ನೀವೇ ನಿಲ್ಲಿಸಲೂ ಬೇಡಿ.