ಒಂದು ಸೆಕೆಂಡಿನ ‘ಕರೆಂಟ್’: ನಿಜವೆಷ್ಟು?

ಮನೆಯಲ್ಲೊಬ್ಬರಿಗೆ ಕ್ಯಾನ್ಸರ್ ಎಂದು ತಿಳಿದೊಡನೆ ಫರಂಗಿಪೇಟೆಯ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು, ‘ಕರೆಂಟ್ ಕೊಡ್ತಾರಂತೆ’. ಈಗ ಮೊಬೈಲಿನಲ್ಲಿ ಮತ್ತೊಂದು ಸುದ್ದಿ: ಒಂದೇ ಸೆಕೆಂಡಿನಲ್ಲಿ ಮುಗಿಯುವ ಚಿಕಿತ್ಸೆ ಬಂದಿದೆ! ನಂಬುವ ಮೊದಲು ನಾವು ವಿಚಾರಿಸಿ ತಿಳಿಯೋಣ.

ಆಸ್ಪತ್ರೆಯಲ್ಲಿ ಕೊಡುವುದು ವಿದ್ಯುತ್ತಲ್ಲ, ವಿಕಿರಣ. ಎಕ್ಸ್-ರೇ ಕಿರಣ ಗೆಡ್ಡೆಯನ್ನು ದಾಟಿ ಆಚೆಗೂ ಹೋಗುವುದರಿಂದ ದಾರಿಯಲ್ಲಿರುವ ಆರೋಗ್ಯವಂತ ಭಾಗಕ್ಕೂ ಪೆಟ್ಟಾಗುತ್ತದೆ. ಪ್ರೋಟಾನ್ ಕಣಗಳು ಹಾಗಲ್ಲ. ನಿಗದಿತ ಆಳಕ್ಕೆ ತಲುಪಿ, ಹೆಚ್ಚಿನ ಶಕ್ತಿಯನ್ನು ಅಲ್ಲಿಯೇ ಸುರಿದು ನಿಲ್ಲುತ್ತವೆ. ಚೆನ್ನೈಯ ಅಪೋಲೊದಲ್ಲಿ 2019ರಿಂದ, ನವಿಮುಂಬೈಯ ಟಾಟಾ ಕೇಂದ್ರದಲ್ಲಿ 2023ರಿಂದ ಈ ಚಿಕಿತ್ಸೆ ಇದೆ.

ಸುದ್ದಿಯಲ್ಲಿರುವುದು ಇದರ ಮುಂದಿನ ಹೆಜ್ಜೆ, ‘ಫ್ಲ್ಯಾಶ್’. ವಿಕಿರಣವನ್ನು ಅಳೆಯುವುದು ‘ಗ್ರೇ’ ಎಂಬ ಮಾನದಲ್ಲಿ. ಸಾಮಾನ್ಯ ಯಂತ್ರ ನಿಮಿಷಕ್ಕೆ ಕೆಲವು ಗ್ರೇ ಕೊಟ್ಟರೆ, ಫ್ಲ್ಯಾಶ್ ಸೆಕೆಂಡಿಗೆ 40 ಗ್ರೇಗೂ ಹೆಚ್ಚು ಕೊಡುತ್ತದೆ. 2014ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಎಲೆಕ್ಟ್ರಾನ್ ಕಿರಣದಿಂದ ಇದನ್ನು ಪರೀಕ್ಷಿಸಿದಾಗ ಗೆಡ್ಡೆಯ ಮೇಲಿನ ಪರಿಣಾಮ ಕುಗ್ಗಲಿಲ್ಲ, ಶ್ವಾಸಕೋಶಕ್ಕೆ ಆಗುವ ಹಾನಿ ಮಾತ್ರ ಕಡಿಮೆಯಾಯಿತು. ಏಕೆ ಹೀಗೆಂಬುದು ವಿಜ್ಞಾನಕ್ಕೆ ಇನ್ನೂ ಪೂರ್ತಿ ಬಿಡಿಸಲಾಗದ ಒಗಟು.

ಅಮೆರಿಕದ ಸಿನ್ಸಿನಾಟಿಯಲ್ಲಿ 10 ರೋಗಿಗಳಿಗೆ ಪ್ರೋಟಾನ್ ಫ್ಲ್ಯಾಶ್ ನೀಡಿದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅದು ಕೈಕಾಲಿನ ಮೂಳೆಗೆ ಹರಡಿದ ಕ್ಯಾನ್ಸರಿನ ನೋವನ್ನು ತಗ್ಗಿಸಲು ಕೊಟ್ಟದ್ದು, ರೋಗವನ್ನೇ ವಾಸಿ ಮಾಡಲು ಅಲ್ಲ. ಅಂದರೆ ಸುದ್ದಿ ಪೂರ್ತಿ ಸುಳ್ಳಲ್ಲ, ಆದರೆ ಅದು ಇನ್ನೂ ಪರೀಕ್ಷೆಯ ಹಂತದಲ್ಲಿದೆ.

ಅದಕ್ಕಾಗಿ ಕಾಯುತ್ತಾ ಇಂದಿನ ಚಿಕಿತ್ಸೆಯನ್ನು ಮುಂದೂಡಿದರೆ ರೋಗ ಕಾಯುವುದಿಲ್ಲ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ವಿಕಿರಣ ಬೇಕು. ನಡುವೆ ದಿನಗಳು ತಪ್ಪಿದರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ. ಮದುವೆ ಬಂತು, ರಮಝಾನ್ ಬಂತು ಎಂದು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಕೊಟ್ಟವನು ಅಲ್ಲಾಹನೇ.

ರೋಗಿಯನ್ನು ಸಂದರ್ಶಿಸುವುದು ಸುನ್ನತ್. ಹಣ್ಣು ಹಿಡಿದು ಒಮ್ಮೆ ಹೋಗಿ ಬಂದರೆ ಸಾಲದು. ದಿನವೂ ಆಸ್ಪತ್ರೆಗೆ ಹೋಗಿಬರುವ ಆ ಆರೇಳು ವಾರಗಳಲ್ಲಿ ಜೊತೆಗೆ ಹೋಗಲು, ಪ್ರಯಾಣದ ಖರ್ಚಿಗೆ ಕೈಜೋಡಿಸಲು ನಮ್ಮ ಜಮಾಅತ್‌ನಲ್ಲಿ ಸರದಿ ಹಾಕಿಕೊಳ್ಳೋಣ. ಚಿಕಿತ್ಸೆ ಪೂರ್ಣವಾಗಲಿ, ಶಿಫಾ ನೀಡುವವನು ಅಲ್ಲಾಹನು.