ವಾದ್ಯ ಬಿಟ್ಟರೆ ಸಂಗೀತ ಬಿಟ್ಟಂತೆಯೇ?

"ಕುಣಿಯಲಾರದವಳು ನೆಲ ಡೊಂಕೆಂದಳು" ಎಂಬ ಗಾದೆಯನ್ನು ನಮ್ಮ ಹಿರಿಯರು ಅನೇಕ ಸಂದರ್ಭಗಳಲ್ಲಿ ಆಡುವುದುಂಟು. ಸಂಗೀತದ ಪಾಠ ಬಿಟ್ಟು, ತನಗೆ ಬೇರೆ ವಾದ್ಯ ಬೇಕೆನ್ನುವ ಮಗುವಿನ ಕಿವಿಗೂ ಈ ಗಾದೆ ತಪ್ಪದೆ ಬೀಳುತ್ತದೆ. ಕುಡತಿನಿಯ ನಮ್ಮ ಮನೆಯಲ್ಲಿ ಕಳೆದ ವರ್ಷ ನಡೆದುದೂ ಇದೇ. ಎಂಟು ತಿಂಗಳು ಹಾರ್ಮೋನಿಯಂ ಕಲಿತ ನನ್ನ ತಮ್ಮ ಒಂದು ದಿನ ಪಾಠಕ್ಕೆ ಹೋಗಲೊಲ್ಲೆನೆಂದು ಹಟ ಹಿಡಿದ, ತಬಲಾ ಬೇಕೆಂದ.

"ಪೆಟ್ಟಿಗೆ ತಂದು ವರ್ಷ ಆಗಿಲ್ಲ, ಈಗ ತಬಲಾ ಅಂತೀಯಲ್ಲೋ! ನಾಳೆ ಅದನ್ನೂ ಬಿಡ್ತೀ" ಎಂದರು ಅಪ್ಪ. ನಾನೂ ಅವರಿಗೆ ದನಿಗೂಡಿಸಿದೆ. ಅನಂತರ ಒಂದು ತಿಂಗಳು ಹುಡುಗ ಸಂಗೀತದ ಸುದ್ದಿಯನ್ನೇ ಎತ್ತಲಿಲ್ಲ. ನಾವು ಬಿಡಿಸಿದ್ದು ಹಟವನ್ನೋ, ಸಂಗೀತವನ್ನೋ ಎಂಬ ಸಂದೇಹ ನನಗೆ ಆಗ ಹುಟ್ಟಿತು.

ವಿಚಾರಮಾಡಿದರೆ, ವಾದ್ಯ ಕಲಿಯುವವನು ಏಕಕಾಲದಲ್ಲಿ ಎರಡು ವಿದ್ಯೆಗಳನ್ನು ಕಲಿಯುತ್ತಾನೆ. ಒಂದು ಕಿವಿಯ ವಿದ್ಯೆ: ಶ್ರುತಿ, ಸ್ವರಸ್ಥಾನ, ಲಯ, ರಾಗದ ನಡೆ. ಇನ್ನೊಂದು ಕೈಯ ವಿದ್ಯೆ: ಬೆರಳು, ಉಸಿರು, ಹೊಡೆತ, ಒತ್ತಡ. ವಾದ್ಯ ಬದಲಿಸಿದಾಗ ಎರಡನೆಯದು ಬಹುಮಟ್ಟಿಗೆ ಮೊದಲಿನಿಂದ ಆರಂಭವಾಗಬೇಕು. ಮೊದಲನೆಯದು ಕಲಿತವನ ಜೊತೆಯಲ್ಲಿಯೇ ಬರುತ್ತದೆ.

ಇದಕ್ಕೆ ನಮ್ಮ ಸೀಮೆಗೆ ಸಮೀಪದ ನಿದರ್ಶನವೊಂದಿದೆ. ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮವನ್ನು ಕಟ್ಟಿದ ಪಂಡಿತ ತಾರಾನಾಥರ ಮಗ ರಾಜೀವ ತಾರಾನಾಥರು (1932-2024) ಮೊದಲು ಗಾಯಕರು. ಚಿಕ್ಕಂದಿನಲ್ಲಿಯೇ ಕಛೇರಿ ಮಾಡಿದವರು. ತರುಣರಾಗಿದ್ದಾಗ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದನ್ನು ಕೇಳಿ ಮಾರುಹೋಗಿ, ಗುರುವನ್ನರಸಿ ಕಲ್ಕತ್ತೆಗೆ ತೆರಳಿದರು. ಸರೋದಿಗೆ ಮೆಟ್ಟಿಲುಗಳಿಲ್ಲ. ನುಣುಪಾದ ಲೋಹದ ತಗಡಿನ ಮೇಲೆ ತಂತಿಯನ್ನು ಒತ್ತಿ ಜಾರಿಸುವುದರಿಂದ, ಕಂಠದಲ್ಲಿರುವಂತೆ ಒಂದು ಸ್ವರದಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಸಾಗಬಹುದು. ಗಾಯನದಲ್ಲಿ ಪಳಗಿದ ಕಿವಿ ಇಲ್ಲಿ ದೊಡ್ಡ ಆಸ್ತಿ. ಆದರೆ ಎಡಗೈಯ ಉಗುರಿನ ಜಾರುವಿಕೆ, ಬಲಗೈಯ ಮೀಟು, ಇವನ್ನು ಕಂಠವು ಕಲಿಸಿಕೊಡಲಾರದು.

ಎರಡನೆಯ ನಿದರ್ಶನ ಕರಾವಳಿಯದು. ಕದ್ರಿ ಗೋಪಾಲನಾಥರು (1949-2019) ತಂದೆಯ ಬಳಿ ನಾಗಸ್ವರ ಕಲಿತವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮನಸೋತರು. ಎರಡೂ ಊದುವ ವಾದ್ಯಗಳೇ; ಆದರೂ ಭೇದ ಬಹಳ. ನಾಗಸ್ವರದ ರಂಧ್ರಗಳನ್ನು ಬೆರಳೇ ಮುಚ್ಚುವುದರಿಂದ, ಅರೆಬರೆ ತೆರೆದು ಗಮಕ ತೆಗೆಯಬಹುದು. ಸ್ಯಾಕ್ಸೋಫೋನಿನ ರಂಧ್ರಗಳನ್ನು ಮುಚ್ಚುವುದು ಕೀಲುಗಳಿಗೆ ಜೋಡಿಸಿದ ಮುಚ್ಚಳಗಳು. ಅದರಲ್ಲಿ ಕರ್ನಾಟಕ ಸಂಗೀತದ ಗಮಕವನ್ನು ಹೊರಡಿಸಲು ಅವರು ದೀರ್ಘಕಾಲ ಶ್ರಮಿಸಬೇಕಾಯಿತು. 1994ರಲ್ಲಿ ಅವರು ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಪಡೆದರು.

ಹಾಗೆಂದು ವಾದ್ಯ ಬಿಟ್ಟ ಪ್ರತಿಯೊಂದು ಮಗುವೂ ವಿದ್ವಾಂಸನಾಗುವುದೆಂದು ನನ್ನ ವಾದವಲ್ಲ. ಬೇಸರದಿಂದ ಓಡುವವರೂ ಉಂಟು. ಇಬ್ಬರನ್ನೂ ಗುರುತಿಸುವುದು ಹೇಗೆ? ಪಾಠವಿಲ್ಲದ ಹೊತ್ತಿನಲ್ಲಿ ಮಗು ಏನು ಮಾಡುತ್ತದೆಂಬುದನ್ನು ನೋಡಬೇಕು. ನನ್ನ ತಮ್ಮ ಊಟದ ತಾಟು, ಪುಸ್ತಕದ ಚೀಲ, ಬಾಗಿಲ ಪಡಿ, ಕಂಡುದರ ಮೇಲೆಲ್ಲ ಬೆರಳು ಬಡಿಯುತ್ತಿದ್ದ. ಅದನ್ನು ನಾವು ಚೇಷ್ಟೆಯೆಂದು ಗದರಿಸಿದ್ದೆವು. ಅವನ ಹಾರ್ಮೋನಿಯಂ ಮಾಸ್ತರರು ಮಾತ್ರ, "ಸ್ವರ ತಪ್ಪಿದರೂ ಲಯ ತಪ್ಪೋದಿಲ್ಲ ಇವನು. ತಬಲಾಕ್ಕ ಹಾಕ್ರಿ" ಎಂದರು.

ಅಪ್ಪ ಒಪ್ಪಿದರು, ಆದರೆ ಒಡನೆಯೇ ತಬಲಾ ಕೊಳ್ಳಲಿಲ್ಲ. ಮೊದಲ ಮೂರು ತಿಂಗಳು ಭಜನಾ ಮಂದಿರದ ಜೋಡಿಯಲ್ಲಿಯೇ ಅಭ್ಯಾಸ. ಇದು ವಿವೇಕದ ಕ್ರಮವೆಂದು ನನ್ನ ಅಭಿಪ್ರಾಯ. 'ನಾ' ಎಂಬ ಒಂದು ಬೋಲು ಸ್ವಚ್ಛವಾಗಿ ಬರಲು ಅವನಿಗೆ ವಾರಗಳೇ ಹಿಡಿದವು, ಬೆರಳು ಬಾತುಕೊಂಡಿತು. ಆದರೆ ತೀನ್‌ತಾಲದ 16 ಮಾತ್ರೆಗಳನ್ನೆಣಿಸಿ ಸಮಕ್ಕೆ ಬರುವುದನ್ನು ಯಾರೂ ಕಲಿಸಬೇಕಾಗಲಿಲ್ಲ. ಎಂಟು ತಿಂಗಳ ಫೀಜು ಹಾಳಾಯಿತೆಂದು ಕೊರಗಿದವರಿಗೆ ಲೆಕ್ಕ ಅಲ್ಲಿ ಸಿಕ್ಕಿತು.

ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗುವವರು, ತಂದೆತಾಯಿಗಳಾಗುವವರು. ಮಗು "ಒಲ್ಲೆ" ಎಂದಾಗ ಗಾದೆ ಹೇಳುವ ಮೊದಲು, "ಮತ್ತೇನು ಬೇಕು?" ಎಂದು ಕೇಳೋಣ. ತಬಲಾ ಅಭ್ಯಾಸಕ್ಕೆ ಹಾರ್ಮೋನಿಯಂನಲ್ಲಿ ಲೆಹರಾ ನುಡಿಸುವವರೊಬ್ಬರು ಬೇಕು. ಮೂಲೆ ಸೇರಿದ್ದ ನಮ್ಮ ಪೆಟ್ಟಿಗೆಯನ್ನು ಒರೆಸಿಕೊಂಡು, ಈಗ ಅದನ್ನು ಕಲಿಯುತ್ತಿರುವವನು ನಾನು.